ಅಪ್‌ಡೇಟ್: ಫಿಫ್ತ್ ವೀಲ್ ಸದ್ದು ನಿಂತಿತು

ತಿರುವಿನಲ್ಲಿ ನಮ್ಮ ಕಂಟೇನರ್ ಟ್ರೈಲರ್‌ನ ಫಿಫ್ತ್ ವೀಲ್ (ಟ್ರೈಲರನ್ನು ಲಾರಿಗೆ ಜೋಡಿಸುವ ಪ್ಲೇಟ್) ಕಿರುಗುಟ್ಟುತ್ತದೆ, ಸ್ಟೇರಿಂಗೂ ಬಿಗಿ, ಇನ್ನಷ್ಟು ಗ್ರೀಸ್ ಬಳಿದರೆ ಸಾಕಾ ಅಂತ ಇಲ್ಲಿ ಕೇಳಿದ್ದೆ. ಹಳೆಯದನ್ನು ಮೊದಲು ತೆಗೆಯಿರಿ ಅಂದಿರಿ. ಅದೇ ಸರಿ.

ಟ್ರೈಲರ್ ಬಿಚ್ಚಿ ಪ್ಲೇಟ್ ಕೆರೆದೆವು. ಕಪ್ಪು ಗ್ರೀಸನ್ನು ಬೆರಳಲ್ಲಿ ಉಜ್ಜಿದರೆ ಮರಳು ಚುಚ್ಚುತ್ತಿತ್ತು. ಕಬ್ಬಿಣ ಸವೆಸುತ್ತಿದ್ದದ್ದು ಅದೇ. ಚೆನ್ನಾಗಿ ಒರೆಸಿ, ಪ್ಲೇಟಿಗೂ ಲಾಕ್ ದವಡೆಗೂ ಲಿಥಿಯಂ ಗ್ರೀಸ್ ಹಚ್ಚಿದೆವು. ಲಾಕ್ ಹ್ಯಾಂಡಲ್ ತಿರುಗುವ ಜಾಗಕ್ಕೆ ಸುಮ್ನೆ ಎರಡು ಹನಿ ಎಣ್ಣೆ. ಟ್ರೈಲರ್ ಅಡಿಯಲ್ಲಿ ಇರುವ, ಆ ದವಡೆ ಹಿಡಿಯುವ ಕಿಂಗ್‌ಪಿನ್ನನ್ನೂ ಅಳೆದೆವು. ಎರಡು ಇಂಚಿನ ಪಿನ್ ಹೊಸತಾದರೆ 50.8 ಮಿ.ಮೀ. ಇರುತ್ತದೆ, 49ಕ್ಕೆ ಇಳಿದರೆ ಬದಲಿಸಲೇಬೇಕು. ನಮ್ಮದು ಚೆನ್ನಾಗಿದೆ.

ಜೋಡಿಸಿದ ಮೇಲೆ ಟಾರ್ಚ್ ಬಿಟ್ಟು, ದವಡೆ ಪಿನ್ನಿನ ಕತ್ತನ್ನು ಹಿಡಿದಿದೆಯಾ ನೋಡಿ. ಟ್ರೈಲರ್ ಬ್ರೇಕ್ ಹಾಕಿ ಮೆಲ್ಲಗೆ ಎಳೆದೂ ನೋಡಿ. ಇದನ್ನು ಮಾತ್ರ ಯಾರೂ ಬಿಡಬೇಡಿ. ಸದ್ದು ಪೂರ್ತಿ ಹೋಗಿದೆ, ಸ್ಟೇರಿಂಗ್ ಹಗುರಾಗಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.