ರೆಕ್ಕೆ ಇಲ್ಲದ ವಿಮಾನ ಅಂಟಾರ್ಕ್ಟಿಕಾದಲ್ಲಿ ಗಾಡಿ ಎಳೀತಿತ್ತಂತೆ, ನಿಜಾನಾ?

ಗುಬ್ಬಿ_ತೋಟದಮನೆ:
ಎಲ್ರಿಗೂ ನಮಸ್ಕಾರ. ನಮ್ಮ ಕಡೆ ಹೆಲಿಕಾಪ್ಟರ್ ಫ್ಯಾಕ್ಟರಿ ಬಂದಾಗಿಂದ ನನ್ ಮಗನಿಗೆ ವಿಮಾನದ್ದೇ ಧ್ಯಾನ. ಸೈನ್ಸ್ ಎಕ್ಸಿಬಿಷನ್‌ಗೆ ಅಂಟಾರ್ಕ್ಟಿಕಾಗೆ ಹೋದ ಮೊದಲನೇ ವಿಮಾನದ ಮಾಡೆಲ್ ಮಾಡ್ತೀನಿ ಅಂತ ಕೂತು ಥರ್ಮಾಕೋಲ್ ಕೊಯ್ದು ರೆಕ್ಕೇನೂ ಅಂಟಿಸಿದ್ದ, ಅಷ್ಟರಲ್ಲಿ ಅವರ ಮಾವ ಬಂದು ಅದಕ್ಕೆ ರೆಕ್ಕೇನೇ ಇರ್ಲಿಲ್ಲ ಕಣೋ, ಟ್ರ್ಯಾಕ್ಟರ್ ಥರ ಎಳೀತಿತ್ತು ಅಂದ್ಬಿಟ್ರು. ಹಾರ್ದೇ ಇರೋದನ್ನ ಏನಂತ ತೋರ್ಸೋದು ಅಂತ ಹುಡುಗ ಸಪ್ಪಗಾಗಿದ್ದಾನೆ. ಗೊತ್ತಿರೋರು ಹೇಳಿ.

ಶಿರಾ_ಓದುಗ:
ಮಾವ ಹೇಳಿದ್ದು ನಿಜ ಸಾರ್. ವಿಕರ್ಸ್ ಕಂಪನಿ ವಿಮಾನ, ಅಂಟಾರ್ಕ್ಟಿಕಾ ಅನ್ವೇಷಣೆಗೆ ಹೊರಟಿದ್ದ ಡಗ್ಲಾಸ್ ಮಾಸನ್ ತಂಡದ್ದು. 1911ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಟೆಸ್ಟ್ ಮಾಡುವಾಗ ಬಿದ್ದು ಹಾಳಾಯ್ತು, ಒಳಗಿದ್ದ ಇಬ್ಬರೂ ಬದುಕಿದ್ರು. ಮಾಸನ್ ಅದನ್ನ ಎಸೀಲಿಲ್ಲ, ರೆಕ್ಕೆ ಬಿಟ್ಟು ಮಿಕ್ಕಿದ್ದನ್ನ ಹಡಗಿಗೆ ಹಾಕ್ಕೊಂಡು ಹೋದ್ರು. ಮುಂದೆ ಪ್ರೊಪೆಲ್ಲರ್ ತಿರುಗೋದು, ಹಿಂದೆ ಸಾಮಾನು ತುಂಬಿದ ಸ್ಲೆಡ್ಜ್‌ಗಳ (ಹಿಮದ ಮೇಲೆ ಜಾರೋ ಗಾಡಿಗಳ) ಸಾಲು. ಏರ್ ಟ್ರ್ಯಾಕ್ಟರ್ ಅಂತಾನೇ ಕರೀತಿದ್ರು. ಎಂಜಿನಿಯರ್ ಫ್ರಾಂಕ್ ಬಿಕರ್ಟನ್ ಅದನ್ನ ರೆಡಿ ಮಾಡಿ 1912ರ ಡಿಸೆಂಬರ್ 3ಕ್ಕೆ ಅಂಟಾರ್ಕ್ಟಿಕಾದಲ್ಲಿ ತಂಡ ಬೀಡುಬಿಟ್ಟಿದ್ದ ಕೇಪ್ ಡೆನಿಸನ್‌ನಿಂದ ಹೊರಟ್ರು, ಸುಮಾರು 16 ಕಿಲೋಮೀಟರ್ ಆಗೋ ಹೊತ್ತಿಗೆ ಎಂಜಿನ್ ಕೈ ಕೊಡ್ತು.

ತಿಪಟೂರು_ಮೆಕ್ಯಾನಿಕ್:
ಅಣ್ಣ ಅದು ಕೈ ಕೊಟ್ಟಿದ್ದು ಚಳೀಗೇ. ಡಿಸೆಂಬರ್ ಬೆಳಗ್ಗೆ ನಮ್ಮನೇಲಿ ಕೊಬ್ಬರಿ ಎಣ್ಣೆ ಬಾಟಲಿ ತಲೆಕೆಳಗೆ ಮಾಡಿದ್ರೂ ಒಂದ್ ಹನಿ ಬೀಳಲ್ಲ, ಹಂಗೇ ಎಂಜಿನ್ ಆಯಿಲ್ ಗಟ್ಟಿಯಾದ್ರೆ ಒಳಗೆ ಹರಿಯಲ್ಲ, ಪಿಸ್ಟನ್‌ಗೆ ಜಿಡ್ಡೇ ಸಿಗಲ್ಲ, ಒಣಗ್ ಒಣಗ್ಗೇ ಉಜ್ಜಿ ಸೀಜ್ ಆಗ್ತೈತೆ. ಇದರಲ್ಲಿ ಪಿಸ್ಟನ್ನೇ ಮುರಿದು ಪ್ರೊಪೆಲ್ಲರೂ ಚೂರಾಗಿತ್ತು. ಆ ಮಂಜಲ್ಲಿ ನಿಂತು ಸ್ಪ್ಯಾನರ್ ಹಿಡಿದೋರ ಕೈ ನೆನೆಸ್ಕೊಂಡ್ರೆ ನನಗೆ ಸಂಕಟ ಆಗ್ತೈತೆ. ಮಗನಿಗೆ ಎಂಜಿನ್ ಒಳಗಡೆ ಬಿಡಿಸಿ ತೋರ್ಸೋಕೆ ಹೇಳಿ, ರೆಕ್ಕೆಗಿಂತ ಅದೇ ಮುಖ್ಯ.

ಶಿರಾ_ಓದುಗ:
ಇನ್ನೊಂದು ಮರೆತಿದ್ದೆ. ಗಾಡಿ ಬಿಟ್ಟು ಮನುಷ್ಯರೇ ಸ್ಲೆಡ್ಜ್ ಎಳ್ಕೊಂಡು ಮುಂದೆ ಹೋದ್ರಲ್ಲ, ಡಿಸೆಂಬರ್ 5ಕ್ಕೆ ಹಿಮದ ಮೇಲೆ ಒಂದು ಕರೀ ಕಲ್ಲು ಸಿಕ್ತು, ಸುಮಾರು 1 ಕೆಜಿ. ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಮೊಟ್ಟಮೊದಲ ಉಲ್ಕಾಶಿಲೆ ಅದು! ಆ ವಿಮಾನದ ಚೌಕಟ್ಟನ್ನ ಕೇಪ್ ಡೆನಿಸನ್‌ನಲ್ಲೇ ಬಿಟ್ಟು ಬಂದ್ರು, ಅದರ ಚೂರುಗಳು 2010ರ ಜನವರಿ 1ಕ್ಕೆ ಅಲ್ಲೇ ದಡದಲ್ಲಿ ಸಿಕ್ಕಿದ್ವು.

ಗುಬ್ಬಿ_ತೋಟದಮನೆ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಓದಿ ಹೇಳ್ತಿದ್ದಂಗೆ ರೆಕ್ಕೆ ತಾನೇ ಕಿತ್ತ, ಈಗ ಟಾರ್ಚ್ ಹಿಡ್ಕೊಂಡು ತೋಟದಲ್ಲಿ ಕರೀ ಕಲ್ಲು ಹುಡುಕ್ತಾವ್ನೆ.