208 ಸುತ್ತು ಮುಂದಿದ್ದವನು ಮತ್ತು ನಮ್ಮ ಮನೆಯ ಗುಂಪು

ಸಂಕ್ರಾಂತಿಯ ಮರುದಿನ ನಾನು ಏಳುವಷ್ಟರಲ್ಲಿ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಲವತ್ತೊಂದು ಸಂದೇಶಗಳಿದ್ದವು. ಇಲ್ಲಿ ಬೆಳಗಿನ ಆರು ಗಂಟೆ, ಊರಿನಲ್ಲಿ ಸಂಜೆ ನಾಲ್ಕೂವರೆ. ಯಾರಿಗೋ ಏನೋ ಆಯಿತೆಂದು ಎದೆ ಧಸಕ್ಕೆಂದಿತು. ಮೇಲಕ್ಕೆ ಸರಿಸುತ್ತಾ ಹೋದರೆ ಮೂಲ ಸಿಕ್ಕಿತು: ಚಿಕ್ಕಪ್ಪ ಹಾಕಿದ ಒಂದು ಚಿತ್ರ. ಹೊಗೆಯೆಬ್ಬಿಸುತ್ತಾ ಗಿರಕಿ ಹೊಡೆಯುತ್ತಿರುವ ಕಾರು, ಅದರ ಮೇಲೆ ಕೆಂಪು ಅಕ್ಷರ. "ಇಡೀ ವರ್ಷ ಒಂದೂ ರೇಸ್ ಗೆಲ್ಲದವನಿಗೆ ಅಮೆರಿಕದಲ್ಲಿ ಚಾಂಪಿಯನ್ ಪಟ್ಟ! ದುಡಿದವನಿಗೆ ಬರಿಗೈ. ಹತ್ತು ಜನರಿಗೆ ಕಳುಹಿಸಿ." ಅದರ ಕೆಳಗೆ ಚಿಕ್ಕಪ್ಪನ ಸ್ವಂತ ಮಾತು: "ನಮ್ಮ ಕಚೇರಿಯಲ್ಲಿ ನನಗೂ ಇದೇ ಆದದ್ದು."

ನಾನು ಉತ್ತರ ಕೆರೊಲಿನಾದ ಕಾಂಕರ್ಡ್‌ನಲ್ಲಿದ್ದೇನೆ. ಚಾರ್ಲಟ್ ಮೋಟಾರ್ ಸ್ಪೀಡ್‌ವೇ ಎಂಬ ಕಾರು ರೇಸಿನ ಮೈದಾನ ಇರುವುದು ಇದೇ ಊರಿನಲ್ಲಿ. ನ್ಯಾಸ್ಕಾರ್, ಅಂದರೆ ಅಮೆರಿಕದ ಕಾರು ರೇಸಿನ ಸರಣಿ, ನನಗೆ ಮೊದಲು ಬರಿಯ ಸದ್ದಾಗಿತ್ತು. ಒಂದು ಮೇ ತಿಂಗಳು ಸಹೋದ್ಯೋಗಿ ಬಲವಂತ ಮಾಡಿ 600 ಮೈಲಿಯ ರೇಸಿಗೆ ಕರೆದೊಯ್ದ. ಇಲ್ಲಿ ಮನೆಯ ಊಟ ಕಟ್ಟಿಕೊಂಡು ಹೋಗಬಹುದು. ಬೇಲಿಯ ಹತ್ತಿರದ ಸಾಲಿನಲ್ಲಿ ಕುಳಿತು ಚಿತ್ರಾನ್ನದ ಡಬ್ಬಿ ತೆರೆದರೆ, ಸವೆದ ಟೈರಿನ ಕರಿಯ ಚೂರುಗಳು ಸಾಸಿವೆ ಕಾಳಿನಂತೆ ಅದರೊಳಗೆ ಬಂದು ಬಿದ್ದವು. ಕಾರುಗಳು ಗುಂಪಾಗಿ ಎದುರಿನಿಂದ ಹಾಯ್ದಾಗ ಪಕ್ಕೆಲುಬು ನಡುಗುತ್ತದೆ. ಅಂದಿನಿಂದ ಒಂದು ಭಾನುವಾರವನ್ನೂ ಬಿಟ್ಟಿಲ್ಲ. ಮನೆಯವರಲ್ಲಿ ಯಾರೂ ಇದರ ಬಗ್ಗೆ ಕೇಳಿದವರಲ್ಲ. ಮೊದಲ ಸಲ ಈ ಆಟ ನಮ್ಮ ಗುಂಪಿಗೆ ಬಂದದ್ದು ಇಂಥ ಚಿತ್ರದ ರೂಪದಲ್ಲಿ.

ತಂಗಿ ಮಂಗಳೂರಿನಲ್ಲಿ ವಕೀಲೆ. ಅವಳು ಬಿಡುವವಳಲ್ಲ.

ತಂಗಿ: ಚಿಕ್ಕಪ್ಪ, ಇದು ಎಲ್ಲಿಂದ ಬಂತು? ಯಾವ ರೇಸ್, ಯಾವ ವರ್ಷ, ಯಾರು? ಒಂದು ಹೆಸರೂ ಇಲ್ಲವಲ್ಲ.

ಚಿಕ್ಕಪ್ಪ: ಬೆಳಗಿನ ವಾಕಿಂಗ್‌ನಲ್ಲಿ ಸಿಗುವ ಪ್ರಾಂಶುಪಾಲರು ಕಳುಹಿಸಿದ್ದು. ಓದಿದವರು.

ತಂಗಿ: 2020ರಲ್ಲಿ ಐಕಳ ಕಂಬಳದ ನಂತರದ ಸಂದೇಶವೂ ಅವರದೇ. ಶ್ರೀನಿವಾಸ ಗೌಡರು 142.50 ಮೀಟರ್ ಕರೆಯನ್ನು, ಅಂದರೆ ಕಂಬಳದ ಕೆಸರಿನ ಓಟದ ದಾರಿಯನ್ನು, 13.62 ಸೆಕೆಂಡಿನಲ್ಲಿ ಓಡಿದ್ದು ನಿಜ. ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿ, ಬೋಲ್ಟ್‌ಗಿಂತ ವೇಗ ಎಂದು ಊರೆಲ್ಲ ಹಂಚಿದಿರಿ. ಮುಂದೆ ಎರಡು ಕೋಣಗಳು ಓಡುತ್ತಿವೆ ಎಂಬುದನ್ನು ಯಾರೂ ಬರೆಯಲಿಲ್ಲ.

ದೊಡ್ಡಪ್ಪ: ಹಿರಿಯರೊಂದಿಗೆ ಹೀಗೆ ವಾದ ಮಾಡಬಾರದು ಮಗಳೇ. ಕರ್ಮ ಮಾಡುವುದಷ್ಟೇ ನಮ್ಮದು. ಫಲ ದೇವರ ಕೈಯಲ್ಲಿದೆ. ಆ ಅಮೆರಿಕದವನೂ ಇದನ್ನು ತಿಳಿದುಕೊಂಡರೆ ನೆಮ್ಮದಿಯಿಂದ ಇರುತ್ತಾನೆ.

ಚಿಕ್ಕಪ್ಪ: ಫಲ ಉಂಡವರಿಗೆ ಹಾಗೆ ಹೇಳುವುದು ಸುಲಭ ಅಣ್ಣಾ.

ಮುಂಬೈ ಅಣ್ಣ: ಐಕಳ ಎಂದ ಕೂಡಲೇ ಅಜ್ಜನ ಕೋಣಗಳು ಕುಟ್ಟಿ ಮತ್ತು ಕಾಳ ನೆನಪಾದವು. ನಸುಕಿನಲ್ಲಿ ಹಂಡೆಯಲ್ಲಿ ಹುರುಳಿ ಬೇಯುವ ವಾಸನೆ! ಅಜ್ಜ ಎಣ್ಣೆ ಹಚ್ಚಿ ತಿಕ್ಕಿದರೆ ಕಾಳನ ಬೆನ್ನಿನಲ್ಲಿ ನಮ್ಮ ಮುಖ ಕಾಣುತ್ತಿತ್ತು.

ಆಗ ನಾನು ಒಲೆಯ ಮೇಲೆ ಚಹಾ ಇಟ್ಟು ಬರೆಯಲು ಕುಳಿತೆ. ಉದ್ದವಾಯಿತು. ಆದರೆ ಒಂದು ಸಾಲನ್ನೂ ಬಿಡಲು ಮನಸ್ಸಾಗಲಿಲ್ಲ.

ನಾನು: ಚಿಕ್ಕಪ್ಪ, ಚಿತ್ರದಲ್ಲಿ ಬರೆದದ್ದು ಸುಳ್ಳು, ನಿಮ್ಮ ಸಿಟ್ಟು ಮಾತ್ರ ನ್ಯಾಯವಾದದ್ದು. 2025ರ ನ್ಯಾಸ್ಕಾರ್ ಚಾಂಪಿಯನ್ ಕೈಲ್ ಲಾರ್ಸನ್. ಅವನು ವರ್ಷದಲ್ಲಿ ಮೂರು ರೇಸ್ ಗೆದ್ದಿದ್ದಾನೆ. ಆದರೆ ನವೆಂಬರ್ 2ರಂದು ಫೀನಿಕ್ಸ್‌ನಲ್ಲಿ ನಡೆದ ಕೊನೆಯ ರೇಸಿನಲ್ಲಿ ಒಂದು ಸುತ್ತೂ ಮುಂದಿರಲಿಲ್ಲ. ಡೆನ್ನಿ ಹ್ಯಾಮ್ಲಿನ್ 208 ಸುತ್ತು ಮುಂದಿದ್ದ. ಅವನದು ಆ ವರ್ಷ ಆರು ಗೆಲುವು, ಅಲ್ಲಿಯವರೆಗೆ ಒಟ್ಟು 60 ಗೆಲುವು, ಇಷ್ಟು ವರ್ಷಗಳಲ್ಲಿ ಒಂದು ಪಟ್ಟವೂ ಇಲ್ಲ. ಇನ್ನು ಮೂರೇ ಸುತ್ತು ಇದ್ದಾಗ ವಿಲಿಯಂ ಬೈರನ್‌ನ ಟೈರು ಕೈಕೊಟ್ಟು ಅವನ ಕಾರು ಗೋಡೆಗೆ ಬಡಿಯಿತು. ಎಲ್ಲರೂ ನಿಧಾನಿಸಬೇಕೆಂಬ ಹಳದಿ ಬಾವುಟ ಬಂತು, ಮುಂದಿದ್ದವರೆಲ್ಲ ಟೈರು ಬದಲಿಸುವ ಜಾಗವಾದ ಪಿಟ್‌ಗೆ ಇಳಿದರು. ಹ್ಯಾಮ್ಲಿನ್ ನಾಲ್ಕು ಟೈರು ಬದಲಿಸಿದ, ಲಾರ್ಸನ್ ಎರಡನ್ನೇ ಬದಲಿಸಿ ಅವನಿಗಿಂತ ಮೊದಲು ಪಿಟ್‌ನಿಂದ ಹೊರಬಂದ. ಕೊನೆಗೆ ಲಾರ್ಸನ್ ಮೂರನೆಯವನು, ಹ್ಯಾಮ್ಲಿನ್ ಆರನೆಯವನು. ಪಟ್ಟದ ಕಣದಲ್ಲಿದ್ದ ನಾಲ್ವರಲ್ಲಿ ಆ ಒಂದು ದಿನ ಮುಂದೆ ಬಂದವನೇ ಚಾಂಪಿಯನ್ ಎಂಬುದು 2014ರಿಂದ ಇದ್ದ ನಿಯಮ. ಲಾರ್ಸನ್‌ನದು ಮೋಸವಲ್ಲ, ನಿಯಮದೊಳಗೇ ಗೆದ್ದ. ತಪ್ಪು ನಿಯಮ ಮಾಡಿದವರದು. ಆ ಸಂಜೆ ನಾನು ಟಿ.ವಿ.ಯ ಮುಂದೆ ನಿಂತೇ ಇದ್ದೆ, ಒಲೆಯ ಮೇಲಿನ ಗಂಜಿ ತಳಹಿಡಿದದ್ದೂ ಗೊತ್ತಾಗಲಿಲ್ಲ.

ದೊಡ್ಡಮ್ಮ: ಇನ್ನೂ ಗಂಜಿ ತಳಹಿಡಿಸುತ್ತೀಯಾ ಮಗಾ? ಪಾತ್ರೆ ದಪ್ಪ ತಳದ್ದಿರಬೇಕು.

ಮುಂಬೈ ಅಣ್ಣ: ಆ ಕುಟ್ಟಿ ಮತ್ತು ಕಾಳ ಕೊನೆಯ ಸಲ ಫೈನಲ್‌ಗೆ ಬಂದದ್ದು ನೆನಪಿದೆಯೇ? ಒಂದು ಗೇಣು. ಒಂದೇ ಗೇಣು!

ಚಿಕ್ಕಪ್ಪ: ನೆನಪಿಲ್ಲದೆ ಏನು? ಕಣ್ಣಳತೆಯ ತೀರ್ಪು. ನಮ್ಮ ಜೋಡಿಯೇ ಮೊದಲು ಮಂಜೊಟ್ಟಿ, ಕರೆಯ ಕೊನೆ, ಮುಟ್ಟಿತ್ತು. ತೀರ್ಪುಗಾರರ ಪಕ್ಕದಲ್ಲೇ ನಿಂತಿದ್ದವರು ಬಾಯಿ ಬಿಡಲಿಲ್ಲ.

ದೊಡ್ಡಪ್ಪ: ನನ್ನ ಕಣ್ಣಿಗೆ ಕಂಡದ್ದನ್ನು ಕಂಡಂತೆ ಒಪ್ಪಿಕೊಂಡೆ. ಎದುರಿನ ಜೋಡಿ ಮುಂದಿತ್ತು.

ಇಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. ನ್ಯಾಸ್ಕಾರ್‌ನ ದೊಡ್ಡ ರೇಸಾದ ಡೇಟೋನಾ 500 ಮೊದಲ ಸಲ ನಡೆದ 1959ರಲ್ಲೂ ಹೀಗೆಯೇ ಆಗಿತ್ತು ಎಂದು ಬರೆದೆ. ಅಂದು ಗೆದ್ದವನೆಂದು ಸಾರಿದ್ದು ಜಾನಿ ಬೋಚಾಂಪ್‌ನನ್ನು. ಛಾಯಾಚಿತ್ರಗಳನ್ನೆಲ್ಲ ತರಿಸಿ ನೋಡಿ, ಮೂರು ದಿನಗಳ ನಂತರ ಲೀ ಪೆಟ್ಟಿಯೇ ಗೆದ್ದವನೆಂದು ಬಿಲ್ ಫ್ರಾನ್ಸ್ ಒಪ್ಪಿಕೊಂಡರು. ನ್ಯಾಸ್ಕಾರ್ ಕಟ್ಟಿದ ಮನುಷ್ಯ ಆತ, ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೆ ನಾಚಿಕೆಯಾಗಲಿಲ್ಲ. 2024ರಲ್ಲಿ ಕ್ಯಾನ್ಸಸ್‌ನಲ್ಲಿ ಇದೇ ಲಾರ್ಸನ್ ಗೆದ್ದದ್ದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಿಂದ.

ಮುಂಬೈ ಅಣ್ಣ: ನೋಡಿದಿರಾ ದೊಡ್ಡಪ್ಪ, ಅವರು ಮೂರು ದಿನ ಕಾದರು. ನಾವು ಮೂರು ನಿಮಿಷವೂ ಕಾಯಲಿಲ್ಲ.

ನಾನು ಹೇಳಲು ಹೊರಟದ್ದು ಅದಲ್ಲ. ಆದರೆ ಮಾತು ಆಗಲೇ ನಮ್ಮ ಮನೆಯ ಕೋಣಗಳ ಹಟ್ಟಿಯ ಕಡೆಗೆ ಹೊರಳಿತ್ತು. ಅಜ್ಜ ಹಾಸಿಗೆ ಹಿಡಿದ ವರ್ಷ ದೊಡ್ಡಪ್ಪ ಆ ಜೋಡಿಯನ್ನು ಕಾರ್ಕಳದ ಕಡೆಯವರಿಗೆ ಮಾರಿದರು. ಚಿಕ್ಕಪ್ಪ ಶನಿವಾರ ಪೇಟೆಯಿಂದ ಬಂದು ನೇರ ಹಟ್ಟಿಗೆ ಹೋದರೆ ಎರಡು ಗೂಟ, ಎರಡು ಹಗ್ಗ. ನಾನು ಆಗ ಏಳನೆಯ ತರಗತಿ. ಚಿಕ್ಕಪ್ಪ ಆ ಹಗ್ಗವನ್ನು ಕೈಗೆ ಸುತ್ತಿಕೊಂಡು ಜಗಲಿಯಲ್ಲಿ ಕುಳಿತದ್ದು ಕಣ್ಣಿಗೆ ಕಟ್ಟಿದೆ. ಮರುವರ್ಷ ಅದೇ ಜೋಡಿ ಹೊಸ ಯಜಮಾನರಿಗೆ ಪದಕ ತಂದಿತು.

ಚಿಕ್ಕಪ್ಪ: ಮೇವು ಹಾಕಿದ್ದು ಯಾರು, ಪದಕ ಯಾರಿಗೆ? ಅದಕ್ಕೇ ಆ ಚಿತ್ರ ಕಳುಹಿಸಿದ್ದು.

ದೊಡ್ಡಪ್ಪ: ಮೂವತ್ತು ವರ್ಷಗಳಿಂದ ಇದನ್ನೇ ಕೇಳುತ್ತಿದ್ದೇನೆ. ಆಸ್ಪತ್ರೆಯ ಬಿಲ್ಲು ಯಾರು ಕಟ್ಟಿದರೆಂದು ಒಮ್ಮೆಯಾದರೂ ಕೇಳಿದ್ದೀಯಾ?

ತಂಗಿ: ಇಬ್ಬರಲ್ಲಿ ಯಾರ ಬಳಿಯಾದರೂ ಆ ಮಾರಾಟದ ಕಾಗದ ಇದೆಯೇ?

ಒಂಬತ್ತು ನಿಮಿಷ ಯಾರೂ ಬರೆಯಲಿಲ್ಲ. ಆಮೇಲೆ ಅಕ್ಕನ ಮಗ ಬಂದ. ಇಂಜಿನಿಯರಿಂಗ್ ಎರಡನೆಯ ವರ್ಷ. ನನ್ನ ಉದ್ದದ ಸಂದೇಶವನ್ನು ಪೂರ್ತಿ ಓದಿದವನು ಅವನೊಬ್ಬನೇ.

ಅಳಿಯ: ಮಾವ, ಐಪಿಎಲ್‌ನಲ್ಲೂ ಹಾಗೆಯೇ ಅಲ್ಲವೇ? 2025ರಲ್ಲಿ ಲೀಗ್ ಪಟ್ಟಿಯಲ್ಲಿ ಪಂಜಾಬ್ ಮೊದಲಿತ್ತು. ಕಪ್ ಬಂದದ್ದು ಆರ್‌ಸಿಬಿಗೆ. ಆಗ ನೀವು ಅನ್ಯಾಯ ಎನ್ನಲಿಲ್ಲ.

ನಾನು: ಒಳ್ಳೆಯ ಪ್ರಶ್ನೆ. ಫೈನಲ್‌ನಲ್ಲಿ ಮೈದಾನದಲ್ಲಿರುವುದು ಎರಡೇ ತಂಡ. ಒಬ್ಬರು ಇನ್ನೊಬ್ಬರನ್ನು ಸೋಲಿಸಬೇಕು. ಕಂಬಳದಲ್ಲೂ ಎರಡು ಕರೆ, ಎರಡು ಜೋಡಿ. ಫೀನಿಕ್ಸ್‌ನಲ್ಲಿ ಪಟ್ಟಕ್ಕೆ ಓಡುತ್ತಿದ್ದವರು ನಾಲ್ವರಾದರೂ ಸುತ್ತಮುತ್ತ ಮೂವತ್ತಕ್ಕೂ ಹೆಚ್ಚು ಕಾರುಗಳು ಅದೇ ದಾರಿಯಲ್ಲಿದ್ದವು. ಆ ರೇಸ್ ಗೆದ್ದವನು ರಯಾನ್ ಬ್ಲೇನಿ, ಅವನಿಗೆ ಪಟ್ಟದ ಕಣದಲ್ಲಿ ಜಾಗವೇ ಇರಲಿಲ್ಲ. 36 ರೇಸುಗಳ ದುಡಿಮೆಯನ್ನು ಇಂಥ ಒಂದು ಮಧ್ಯಾಹ್ನಕ್ಕೆ ಒತ್ತೆ ಇಡಬಾರದು. 2024ರಲ್ಲಿ ಜೋಯಿ ಲೊಗಾನೊ ಪಟ್ಟದ ಕಣದಿಂದ ಹೊರಬಿದ್ದೇ ಹೋಗಿದ್ದ. ಅಲೆಕ್ಸ್ ಬೋಮನ್‌ನ ಕಾರಿನ ತೂಕ ಕಡಿಮೆ ಬಂದು ಅವನನ್ನು ಅನರ್ಹಗೊಳಿಸಿದ್ದರಿಂದ ಒಳಗೆ ಬಂದ, ಕೊನೆಯ ರೇಸ್ ಗೆದ್ದ, ಚಾಂಪಿಯನ್ ಆದ. ವರ್ಷದ ಅವನ ಸರಾಸರಿ ಸ್ಥಾನ ಹದಿನೇಳರ ಆಚೆ.

ಇದನ್ನು ಓದಿದ ತಂಗಿ ಈ ಸಲ ಹುಡುಕಿಕೊಂಡೇ ಬಂದಿದ್ದಳು.

ತಂಗಿ: ಹಾಗಾದರೆ 2003? ಇಡೀ ವರ್ಷದ ಅಂಕದ ಲೆಕ್ಕವೇ ಇತ್ತು. ಮ್ಯಾಟ್ ಕೆನ್ಸೆತ್ ಒಂದೇ ರೇಸ್ ಗೆದ್ದು ಚಾಂಪಿಯನ್. ಎಂಟು ಗೆದ್ದ ರಯಾನ್ ನ್ಯೂಮನ್ ಆರನೆಯವನು. ಚಿಕ್ಕಪ್ಪನ ಚಿತ್ರಕ್ಕೆ ಹತ್ತಿರದ್ದು ನೀನು ಬಯಸುವ, ವರ್ಷವಿಡೀ ಎಣಿಸುವ ಆ ಹಳೆಯ ಪದ್ಧತಿಯೇ.

ಅವಳು ಹಿಡಿದದ್ದು ಸರಿಯಾದ ಎಳೆಯನ್ನು. ಮರುವರ್ಷವೇ, 2004ರಲ್ಲಿ, ನ್ಯಾಸ್ಕಾರ್ ಕೊನೆಯ ಹತ್ತು ರೇಸುಗಳಿಗೆ ಲೆಕ್ಕ ಹೊಸದಾಗಿ ಶುರು ಮಾಡುವ 'ಚೇಸ್' ತಂದಿತು. ಆದರೂ ನಾನು ಕೆನ್ಸೆತ್‌ನನ್ನು ಬಿಟ್ಟುಕೊಡಲಾರೆ. ಅವನು ಆ ವರ್ಷ 36 ರೇಸುಗಳಲ್ಲಿ 25 ಬಾರಿ ಮೊದಲ ಹತ್ತರೊಳಗಿದ್ದ, ಸತತ 33 ವಾರ ಅಂಕಪಟ್ಟಿಯ ನೆತ್ತಿಯಲ್ಲಿದ್ದ. ಗೆಲುವಿಗೆ ಅಂಕ ಕಡಿಮೆ ಎನಿಸಿದರೆ ಅಂಕ ಹೆಚ್ಚಿಸಬೇಕಿತ್ತು. ಅದನ್ನು ಬಿಟ್ಟು ವರ್ಷವನ್ನೇ ತುಂಡು ಮಾಡಿದರು. ಹತ್ತು ವರ್ಷ ಕಳೆದ ಮೇಲೆ ಆ ಹತ್ತು ರೇಸುಗಳನ್ನೂ ತುಂಡು ಮಾಡಿ ನಾಲ್ವರನ್ನು ಕೊನೆಯ ದಿನಕ್ಕೆ ನಿಲ್ಲಿಸಿದರು. ಪ್ರತಿ ಸಲವೂ ಟಿ.ವಿ.ಯ ಮುಂದಿನ ಕೊನೆಯ ಗಂಟೆ ರೋಚಕವಾಯಿತು, ಫೆಬ್ರುವರಿಯಿಂದ ನೋಡಿದವನ ನೆನಪಿಗೆ ಬೆಲೆ ಇಳಿಯಿತು.

ಈ ಜನವರಿಯಲ್ಲಿ, ಅಂದರೆ 2026ರಲ್ಲಿ, ನ್ಯಾಸ್ಕಾರ್‌ನವರು ಹಿಂದಿರುಗಿದ್ದಾರೆ. ಮತ್ತೆ ಚೇಸ್, ಹದಿನಾರು ಚಾಲಕರು, ಹತ್ತು ರೇಸು, ನಡುವೆ ಯಾರನ್ನೂ ಹೊರಹಾಕುವುದಿಲ್ಲ. ಗೆಲುವಿಗೆ 40ರ ಬದಲು 55 ಅಂಕ. ಒಂದು ರೇಸ್ ಗೆದ್ದರೆ ಪಟ್ಟದ ಕಣಕ್ಕೆ ನೇರ ಪ್ರವೇಶ ಎಂಬುದೂ ಹೋಯಿತು. 36 ರೇಸುಗಳೂ ಸಮನಾಗಿ ಎಣಿಕೆಗೆ ಬರಬೇಕೆಂಬುದು ನನ್ನ ಹಟ, ಅದನ್ನು ಬಿಡುವುದಿಲ್ಲ. ಆದರೂ ಸುದ್ದಿ ಓದಿದ ದಿನ ಕಚೇರಿಯ ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಕುಳಿತು ಎರಡು ಸಲ ಓದಿದೆ. ಬಹಳ ವರ್ಷಗಳ ಮೇಲೆ ನೋಡುವವರ ಮಾತು ಕೇಳಿಸಿಕೊಂಡಿದ್ದಾರೆ.

ಇಷ್ಟನ್ನೂ ಕಳುಹಿಸಿದೆ. ಅಷ್ಟರಲ್ಲಿ ದೊಡ್ಡಪ್ಪ ಗುಂಪಿನಿಂದ ಹೊರಗೆ ಹೋಗಿದ್ದರು.

ದೊಡ್ಡಮ್ಮ: ಅವರು ಪಡಸಾಲೆಯಲ್ಲಿ ಕುಳಿತು ನನ್ನ ಮೊಬೈಲ್‌ನಲ್ಲೇ ಓದುತ್ತಿದ್ದಾರೆ. ಯಾರಾದರೂ ಮತ್ತೆ ಸೇರಿಸಿ.

ಸೇರಿಸಿದ್ದು ಚಿಕ್ಕಪ್ಪ.

ದೊಡ್ಡಪ್ಪ: ಆ ಫೈನಲ್ ದಿನ ಕಾಳನ ಎಡಗಾಲು ಎಡವಿತ್ತು. ಅದಕ್ಕೇ ಗೇಣು ಹಿಂದೆ. ಅಪ್ಪನಿಗೂ ಹೇಳಿದ್ದೆ.

ಚಿಕ್ಕಪ್ಪ: ಎಡಗಾಲಲ್ಲ, ಬಲಗಾಲು.

ಅಳಿಯ: ಮಾವ, ಡೇಟೋನಾ ಯಾವಾಗ? ಫೆಬ್ರುವರಿ 15 ಎಂದು ತೋರಿಸುತ್ತಿದೆ. ನಮ್ಮಲ್ಲಿ ನಡುರಾತ್ರಿಯಾಗುತ್ತದೆ ಅಲ್ಲವೇ?

ನಾನು: ಹೌದು. ನಾನು ವೀಡಿಯೊ ಕರೆ ಮಾಡುತ್ತೇನೆ, ಜೊತೆಯಲ್ಲೇ ನೋಡೋಣ.

ಅಕ್ಕ: ಶನಿವಾರ ರಾತ್ರಿಯಿಡೀ ಕಂಬಳ, ಭಾನುವಾರ ರಾತ್ರಿಯಿಡೀ ಕಾರು. ಸೋಮವಾರ ಬೆಳಿಗ್ಗೆ ಇವನನ್ನು ಎಬ್ಬಿಸಿ ಕಾಲೇಜಿಗೆ ಕಳುಹಿಸಲು ನೀನು ಬರುತ್ತೀಯಾ?