ಒಂದೇ ಸಿಎಸ್‌ವಿ ಫೈಲಿನ ತಾರೀಖುಗಳು ಎರಡು ಕಂಪ್ಯೂಟರ್‌ಗಳಲ್ಲಿ ಎರಡು ರೀತಿ: ಪಾಂಡಾಸ್ ಕೈಪಿಡಿಯಲ್ಲಿ ಕಾರಣ ಸಿಗುತ್ತಿಲ್ಲ (ಪರಿಹಾರವಾಗಿದೆ)

ಪ್ರಶ್ನೆ, ಕಲಬುರಗಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಅಡತ್ ಅಂಗಡಿಗೆ ಬರುವ ತೊಗರಿಯ ದಿನದ ಆವಕ ಮತ್ತು ಧಾರಣೆಯನ್ನು ಅಪ್ಪಾಜಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಅದನ್ನು ನಾನು ಸಿಎಸ್‌ವಿ ಫೈಲಿಗೆ (ಅಲ್ಪವಿರಾಮ ಹಾಕಿ ಕಾಲಂ ಬೇರ್ಪಡಿಸಿದ ಸರಳ ಪಠ್ಯದ ಫೈಲು) ಇಳಿಸಿ, ಪೈಥಾನಿನ ಪಾಂಡಾಸ್ ಲೈಬ್ರರಿಯಿಂದ ತಿಂಗಳವಾರು ಮೊತ್ತ ತೆಗೆಯುತ್ತೇನೆ. ಫೈಲಿನಲ್ಲಿರುವುದು 2022ರ ಡಿಸೆಂಬರ್ 1ರಿಂದ 2023ರ ಫೆಬ್ರವರಿ ಕೊನೆಯವರೆಗಿನ ಸುಗ್ಗಿಯ ಲೆಕ್ಕ ಮಾತ್ರ. ತಾರೀಖುಗಳು ದಿನ, ತಿಂಗಳು, ವರ್ಷ ಎಂಬ ನಮ್ಮ ರೂಢಿಯ ಕ್ರಮದಲ್ಲಿ, 01/12/2022 ಎಂಬಂತೆ ಇವೆ.

ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಪಾರ್ಸ್_ಡೇಟ್ಸ್ (ಕಾಲಮ್ಮನ್ನು ತಾರೀಖಾಗಿ ಓದು ಎಂಬ ಸೂಚನೆ) ಕೊಟ್ಟು, ಸಿಎಸ್‌ವಿ ಓದುವ ರೀಡ್_ಸಿಎಸ್‌ವಿ ಫಂಕ್ಷನ್ನಿನಿಂದ ಓದಿಸಿದಾಗ ಯಾವ ತಕರಾರೂ ಬರುವುದಿಲ್ಲ, ಆದರೆ ಗ್ರಾಫಿನಲ್ಲಿ ಜುಲೈ ತಿಂಗಳಿಗೂ ಆವಕ ಕಾಣಿಸುತ್ತದೆ. ನಮ್ಮ ಕಡೆ ಜುಲೈ ಎಂದರೆ ತೊಗರಿ ಬಿತ್ತಿ ಎಡೆ ಹೊಡೆಯುವ ಕಾಲ, ಆಗ ಹೊಸ ಮಾಲು ಬರುವುದಾದರೂ ಎಲ್ಲಿಂದ? ಫೈಲು ಶುರುವಾಗುವುದೇ ಡಿಸೆಂಬರಿನಿಂದ ಆಗಿದ್ದರೂ 2022ರ ಜನವರಿ 12ಕ್ಕೆ ಒಂದು ಸಾಲು ಹುಟ್ಟಿಕೊಂಡಿದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಅದೇ ಫೈಲು, ಅದೇ ಕೋಡ್ ಹಾಕಿದರೆ ತಾರೀಖಿನ ಕಾಲಂ ತಾರೀಖಾಗದೆ ಬರೀ ಪಠ್ಯವಾಗಿ ಉಳಿಯುತ್ತದೆ. ಕೈಪಿಡಿಯಲ್ಲಿ ಕಂಡ ಡೇಟ್_ಫಾರ್ಮ್ಯಾಟ್ ಎಂಬ ಪ್ಯಾರಾಮೀಟರನ್ನು (ಫಂಕ್ಷನ್ನಿಗೆ ಕೊಡುವ ಆಯ್ಕೆ) ಅಂಗಡಿಯಲ್ಲಿ ಬಳಸಿದಾಗ, ಅಂಥದ್ದೊಂದು ಇಲ್ಲವೇ ಇಲ್ಲ ಎಂಬ ಟೈಪ್‌ಎರರ್ ಬಂತು. ತಪ್ಪು ನನ್ನ ಫೈಲಿನದೋ, ಕೈಪಿಡಿಯದೋ, ದಯವಿಟ್ಟು ತಿಳಿಸಿ.

ಉತ್ತರ, ಬೀದರ್‌ನಿಂದ

ತಂಗೀ, ಆ ಜನವರಿ 12 ಎಂಬ ಸಾಲನ್ನು ನೀವು ಗಮನಿಸಿದ್ದು ಬಹಳ ಒಳ್ಳೆಯದಾಯಿತು, ರೋಗದ ಗುರುತು ಅದರಲ್ಲಿಯೇ ಇದೆ. ಏನೂ ಹೇಳದಿದ್ದರೆ ಪಾಂಡಾಸ್ ಇಂಥ ತಾರೀಖಿನಲ್ಲಿ ಅಮೆರಿಕದ ಪದ್ಧತಿಯಂತೆ ತಿಂಗಳು ಮೊದಲು ಇದೆ ಎಂದು ತಿಳಿಯುತ್ತದೆ. ಹಾಗಾಗಿ ಡಿಸೆಂಬರ್ 1 ಹೋಗಿ ಜನವರಿ 12 ಆಗಿದೆ, 2023ರ ಜನವರಿ 7 ಹೋಗಿ ಜುಲೈ 1 ಆಗಿದೆ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳ ಲೆಕ್ಕ ಹೀಗೆ ವರ್ಷವಿಡೀ ಚೆದುರಿರಬೇಕು. 13ರಿಂದ ಮುಂದಿನ ದಿನಗಳು ಮಾತ್ರ ಸರಿಯಾಗಿರುತ್ತವೆ, ಏಕೆಂದರೆ ಹದಿಮೂರನೆಯ ತಿಂಗಳು ಇಲ್ಲದ ಕಾರಣ ಹಳೆಯ ಪಾಂಡಾಸ್ ಆ ಸಾಲುಗಳಿಗಷ್ಟೇ ಕ್ರಮವನ್ನು ತಿರುಗಿಸಿ ಓದುತ್ತದೆ.

ಎರಡೂ ಕಂಪ್ಯೂಟರ್‌ಗಳಲ್ಲಿರುವ ಆವೃತ್ತಿಯನ್ನು ನೋಡಿ. ಅಂಗಡಿಯಲ್ಲಿ ಪೈಥಾನ್ 3.7 ಇದ್ದರೆ ಲೈಬ್ರರಿಗಳನ್ನು ಇಳಿಸಿಕೊಡುವ ಪಿಪ್ ನಿಮಗೆ ಪಾಂಡಾಸ್ 1.3.5ಕ್ಕಿಂತ ಹೊಸದನ್ನು ಕೊಡುವುದಿಲ್ಲ. ಆ ಕಾಲದ ಪಾಂಡಾಸ್ ಪ್ರತಿ ಸಾಲನ್ನೂ ಬಿಡಿಯಾಗಿ ಊಹಿಸುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಬಂದ 2.0 ಮೊದಲ ತಾರೀಖನ್ನು ನೋಡಿ ಒಂದು ವಿನ್ಯಾಸವನ್ನು ನಿರ್ಧರಿಸಿ, ಇಡೀ ಕಾಲಮ್ಮಿಗೆ ಅದನ್ನೇ ಹಚ್ಚುತ್ತದೆ. ನಿಮ್ಮ ಮೊದಲ ಸಾಲು 01/12/2022 ಆದ್ದರಿಂದ ತಿಂಗಳು ಮೊದಲು ಎಂದು ನಿರ್ಧಾರವಾಯಿತು, 13/12/2022 ಅದಕ್ಕೆ ಹೊಂದಲಿಲ್ಲ, ರೀಡ್_ಸಿಎಸ್‌ವಿ ಕಾಲಮ್ಮನ್ನು ಇದ್ದಂತೆಯೇ ಬಿಟ್ಟಿತು. ಡೇಟ್_ಫಾರ್ಮ್ಯಾಟ್ ಕೂಡ 2.0ರಲ್ಲಿಯೇ ಸೇರಿದ್ದು. ಕೈಪಿಡಿ ಅದನ್ನು ಅಲ್ಲಿಯೇ ನಮೂದಿಸಿದೆ, ಆದರೆ ಜಾಲತಾಣ ತಾನಾಗಿ ತೆರೆಯುವುದು ಇತ್ತೀಚಿನ ಆವೃತ್ತಿಯ ಪುಟವನ್ನೇ. ಸದ್ಯಕ್ಕೆ ದಿನವೇ ಮೊದಲು ಎಂದು ತಿಳಿಸುವ ಡೇಫರ್ಸ್ಟ್ ಎಂಬ ಪ್ಯಾರಾಮೀಟರನ್ನು ಟ್ರೂ ಮಾಡಿ ನೋಡಿ.

ಮರುಪ್ರಶ್ನೆ, ಕಲಬುರಗಿಯಿಂದ

ಸರ್, ನೀವು ಹೇಳಿದಂತೆಯೇ ಅಂಗಡಿಯಲ್ಲಿ 1.3.5 ಇದೆ, ಮನೆಯಲ್ಲಿ 2.0.3 ಇದೆ. ಡೇಫರ್ಸ್ಟ್ ಕೊಟ್ಟ ಮೇಲೆ ಮೂರು ತಿಂಗಳ ಲೆಕ್ಕ ಎರಡೂ ಕಡೆ ತಾಳೆಯಾಯಿತು. ಆದರೆ ಅಣ್ಣ ಟೈಪ್ ಮಾಡಿದ ಮಾರ್ಚ್ ತಿಂಗಳ ಸಾಲುಗಳನ್ನು ಕೆಳಗೆ ಸೇರಿಸಿದ ಕೂಡಲೇ ಅಂಗಡಿಯಲ್ಲಿ ಮತ್ತೆ ಜುಲೈ ಕಾಣಿಸಿತು, ಮನೆಯಲ್ಲಿ ಕಾಲಂ ಮತ್ತೆ ಪಠ್ಯವಾಯಿತು. ಅಣ್ಣನ ಸ್ಪ್ರೆಡ್‌ಶೀಟ್ ತಾರೀಖನ್ನು 03/13/2023 ಎಂದು ತಿಂಗಳು ಮೊದಲಾಗಿ ಉಳಿಸಿದೆ. ದಿನವೇ ಮೊದಲು ಎಂದು ನಾನು ಸ್ಪಷ್ಟವಾಗಿ ಹೇಳಿದ್ದರೂ ಹಳೆಯ ಪಾಂಡಾಸ್ ಅದನ್ನು ಮಾರ್ಚ್ 13 ಎಂದು ಒಪ್ಪಿಕೊಂಡು, ಮಾರ್ಚ್ 7ನ್ನು ಮಾತ್ರ ಜುಲೈ 3 ಮಾಡಿದ್ದೇಕೆ? ರೀಡ್_ಸಿಎಸ್‌ವಿ ಪುಟದಲ್ಲಿ ಡೇಫರ್ಸ್ಟ್ ಬಗ್ಗೆ ಇರುವುದು ದಿನ-ತಿಂಗಳು ಕ್ರಮದ, ಅಂತರರಾಷ್ಟ್ರೀಯ ಮತ್ತು ಯುರೋಪಿನ ವಿನ್ಯಾಸ ಎಂಬ ಒಂದೇ ಸಾಲು.

ಉತ್ತರ, ಯಾದಗಿರಿಯಿಂದ

ನಿಜವಾದ ಕೊರತೆ ಇರುವುದು ನೀವು ತೋರಿಸಿದ ಆ ಒಂದು ಸಾಲಿನಲ್ಲಿಯೇ, ಅಕ್ಕಾವರೆ. ಪಠ್ಯವನ್ನು ತಾರೀಖಾಗಿ ಬದಲಿಸುವ ಟು_ಡೇಟ್‌ಟೈಮ್ ಫಂಕ್ಷನ್ನಿನ ಪುಟವನ್ನು ತೆರೆದು ಅದೇ ಡೇಫರ್ಸ್ಟ್ ವಿವರಣೆಯನ್ನು ಓದಿ: ಇದು ಕಟ್ಟುನಿಟ್ಟಲ್ಲ, ದಿನವನ್ನು ಮೊದಲು ಓದುವುದಕ್ಕೆ ಆದ್ಯತೆ ಕೊಡುತ್ತದೆ ಅಷ್ಟೇ ಎಂಬ ಎಚ್ಚರಿಕೆ ಅಲ್ಲಿದೆ. ರೀಡ್_ಸಿಎಸ್‌ವಿ ಒಳಗಿನಿಂದ ಕರೆಯುವುದು ಟು_ಡೇಟ್‌ಟೈಮ್‌ನ್ನೇ ಆದರೂ ಎಚ್ಚರಿಕೆ ಮಾತ್ರ ಅಲ್ಲಿಂದ ಇಲ್ಲಿಗೆ ದಾಟಿಲ್ಲ. ಪ್ರತಿ ಫಂಕ್ಷನ್ನಿನ ಪುಟವೂ ಆ ಫಂಕ್ಷನ್ನಿನ ಕೋಡಿನೊಳಗೆ ಬರೆದಿಟ್ಟ ಡಾಕ್‌ಸ್ಟ್ರಿಂಗ್ ಎಂಬ ವಿವರಣೆಯಿಂದ ತಯಾರಾಗುತ್ತದೆ. ಒಂದು ಕಡೆ ತಿದ್ದಿದ್ದನ್ನು ಇನ್ನೊಂದು ಕಡೆ ಯಾರಾದರೂ ನೆನಪಿಟ್ಟು ತಿದ್ದಬೇಕು, ಇಲ್ಲವಾದರೆ ಒಂದೇ ಹೆಸರಿನ ಪ್ಯಾರಾಮೀಟರಿಗೆ ಎರಡು ಪುಟಗಳಲ್ಲಿ ಎರಡು ತೂಕದ ವಿವರಣೆ ಉಳಿಯುತ್ತದೆ. ಸಿಎಸ್‌ವಿ ಓದಿಸುವವರಲ್ಲಿ ಎಷ್ಟೋ ಜನ ಎರಡನೆಯ ಪುಟವನ್ನು ತೆರೆಯುವುದೇ ಇಲ್ಲ, ಆದ್ದರಿಂದ ಇದನ್ನು ನಾನು ಸಣ್ಣ ಲೋಪವೆಂದು ಎಣಿಸುವುದಿಲ್ಲ.

ಹೊಸ ಆವೃತ್ತಿಯಾದರೆ ನಿಶ್ಚಿಂತೆ ಎಂದೂ ತಿಳಿಯಬೇಡಿ. ಡೇಫರ್ಸ್ಟ್ ಇಲ್ಲದೆ ಫೆಬ್ರವರಿ 1ರಿಂದ 8ರವರೆಗಿನ ಒಂದು ಚಿಕ್ಕ ಫೈಲನ್ನು ಓದಿಸಿದರೆ 2.0 ಕೂಡ ಯಾವ ತಕರಾರೂ ಇಲ್ಲದೆ ಫೆಬ್ರವರಿ 2ನ್ನು ಬಿಟ್ಟು ಉಳಿದೆಲ್ಲವನ್ನೂ ತಪ್ಪಾಗಿ ಓದುತ್ತದೆ, ಏಕೆಂದರೆ ಅದರ ಊಹೆಯನ್ನು ಸುಳ್ಳು ಮಾಡುವ 13 ಆ ಫೈಲಿನಲ್ಲಿ ಇರುವುದಿಲ್ಲ.

ನನ್ನ ಸಲಹೆ ಇಷ್ಟು. ಪಾರ್ಸ್_ಡೇಟ್ಸ್ ಬಿಟ್ಟು, ಕಾಲಮ್ಮನ್ನು ಪಠ್ಯವಾಗಿಯೇ ಓದಿ, ಆಮೇಲೆ ಟು_ಡೇಟ್‌ಟೈಮ್‌ಗೆ ಫಾರ್ಮ್ಯಾಟ್ ಕೊಡಿ. ಶೇಕಡಾ ಚಿಹ್ನೆಯ ಮುಂದೆ ಸಣ್ಣ ಡಿ, ಓರೆಗೆರೆ, ಮತ್ತೆ ಶೇಕಡಾ ಚಿಹ್ನೆಯ ಮುಂದೆ ಸಣ್ಣ ಎಂ, ಓರೆಗೆರೆ, ಕೊನೆಗೆ ಶೇಕಡಾ ಚಿಹ್ನೆಯ ಮುಂದೆ ದೊಡ್ಡ ವೈ. ದೊಡ್ಡ ಎಂ ಬರೆದರೆ ಅದು ನಿಮಿಷವಾಗುತ್ತದೆ, ಸಣ್ಣ ವೈ ಬರೆದರೆ ಎರಡಂಕಿಯ ವರ್ಷವಾಗುತ್ತದೆ. ಇದು 1.3.5ರಲ್ಲಿಯೂ 2.0.3ರಲ್ಲಿಯೂ ನಡೆಯುತ್ತದೆ, 03/13/2023 ಬಂದ ಕೂಡಲೇ ವ್ಯಾಲ್ಯೂಎರರ್ ಕೊಟ್ಟು ನಿಲ್ಲುತ್ತದೆ. ಆ ಎರರ್ ಬಂದಾಗ ಎರರ್ಸ್ ಎಂಬ ಪ್ಯಾರಾಮೀಟರಿಗೆ ಕೊಯರ್ಸ್ (ಓದಲಾಗದ್ದನ್ನು ಖಾಲಿ ಬಿಡು ಎಂಬ ಸೂಚನೆ) ಕೊಟ್ಟು ಅದನ್ನು ಮುಚ್ಚಬೇಡಿ. ಹಾಗೆ ಮಾಡಿದರೆ 13ರಿಂದ ಮುಂದಿನ ಸಾಲುಗಳು ಖಾಲಿಯಾಗುತ್ತವೆ, ಮೊದಲ ಹನ್ನೆರಡು ದಿನಗಳ ತಪ್ಪು ಹಾಗೆಯೇ ಉಳಿಯುತ್ತದೆ. 03/07/2023 ಯಾವ ಕ್ರಮದ್ದೆಂದು ಯಾವ ಲೈಬ್ರರಿಯೂ ಹೇಳಲಾರದು, ಅದು ಅಣ್ಣನಿಗೆ ಮಾತ್ರ ಗೊತ್ತು. ಮಾರ್ಚಿನ ಸಾಲುಗಳನ್ನು ಬೇರೆ ಫೈಲಿನಲ್ಲಿಟ್ಟು, ತಿಂಗಳು ಮೊದಲಿನ ಫಾರ್ಮ್ಯಾಟಿನಿಂದ ತಾರೀಖಾಗಿ ಬದಲಿಸಿ, ಆಮೇಲೆ ಜೋಡಿಸಿ.

ಸೇರ್ಪಡೆ, ಬೀದರ್‌ನಿಂದ

ಯಾದಗಿರಿಯ ಮೇಡಂ ಹೇಳಿದ್ದು ಸರಿ. ಡೇಫರ್ಸ್ಟ್ ಸಾಕೆಂಬಂತೆ ಬರೆದದ್ದು ನನ್ನ ಕಡೆಯ ಅವಸರ. ಆವೃತ್ತಿ 2.0ರ ಬದಲಾವಣೆಯ ಹಿನ್ನೆಲೆಯನ್ನು ತಿಳಿಯಬೇಕೆನ್ನುವವರು ಪಾಂಡಾಸ್ ಯೋಜನೆಯ ನಾಲ್ಕನೆಯ ಪಿಡಿಇಪಿ (ಪಾಂಡಾಸ್‌ನ ದೊಡ್ಡ ಬದಲಾವಣೆಗಳ ಪ್ರಸ್ತಾವಪತ್ರ) ಓದಬಹುದು. ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಕೈಪಿಡಿಯ ತಿದ್ದುಪಡಿಗೆಂದೇ ಪಾಂಡಾಸ್ ಯೋಜನೆ ಒಂದು ಪ್ರತ್ಯೇಕ ಅರ್ಜಿಯ ನಮೂನೆಯನ್ನು ಇಟ್ಟಿದೆ. ಎರಡೂ ಪುಟಗಳ ವಾಕ್ಯಗಳನ್ನು ಒಂದರ ಕೆಳಗೊಂದು ಇಟ್ಟು ತೋರಿಸಿದರೆ ವಾದ ಬೇಕಾಗುವುದಿಲ್ಲ. ಮೊದಲು ಹಳೆಯ ಅರ್ಜಿಗಳಲ್ಲಿ ಇದೇ ವಿಷಯ ಇದೆಯೇ ಎಂದು ಹುಡುಕಿ ನೋಡಿ.

ಫಲಿತಾಂಶ, ಕಲಬುರಗಿಯಿಂದ

ಅಕ್ಕಾವರೆ, ಸರ್, ಇಬ್ಬರಿಗೂ ಧನ್ಯವಾದಗಳು. ಎರಡು ಫೈಲುಗಳಿಗೆ ಎರಡು ಫಾರ್ಮ್ಯಾಟ್ ಕೊಟ್ಟು ಜೋಡಿಸಿದ ಮೇಲೆ ಅಂಗಡಿಯಲ್ಲಿಯೂ ಮನೆಯಲ್ಲಿಯೂ ನಾಲ್ಕು ತಿಂಗಳ ಮೊತ್ತ ಒಂದೇ ಬಂತು, ಅಪ್ಪಾಜಿಯ ಪುಸ್ತಕದ ಕ್ವಿಂಟಲ್ ಲೆಕ್ಕದೊಂದಿಗೂ ಹೊಂದಿತು. ಓದಿಸಿದ ನಂತರ ಅತಿ ಹಿಂದಿನ ಮತ್ತು ಅತಿ ಮುಂದಿನ ತಾರೀಖನ್ನು ಮುದ್ರಿಸುವ ಎರಡು ಸಾಲುಗಳನ್ನು ಕೋಡಿನಲ್ಲಿ ಸೇರಿಸಿದ್ದೇನೆ, ಡಿಸೆಂಬರಿಗಿಂತ ಹಿಂದಿನದು ಕಂಡರೆ ಮುಂದಿನ ಲೆಕ್ಕ ನಡೆಯುವುದಿಲ್ಲ. ತಿದ್ದುಪಡಿಯ ಅರ್ಜಿಯ ಕರಡನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ಮುಗಿದ ಮೇಲೆ ಇಲ್ಲಿ ಹಾಕುತ್ತೇನೆ, ಕಳುಹಿಸುವ ಮೊದಲು ಅಕ್ಕಾವರು ಒಮ್ಮೆ ಓದಿ ನೋಡಬೇಕೆಂದು ಕೋರುತ್ತೇನೆ.